ಬೈಯುವ ದನಿಗೊಂದು ತಾಳ, ಅಳುವ ದನಿಗೊಂದು ತಾಳ

ಸಿಸ್ಟಮ್ ಆಫ್ ಎ ಡೌನ್ ಎಂಬ ಅಮೆರಿಕದ ರಾಕ್ ತಂಡದ 'ಚಾಪ್ ಸೂಯಿ!' ಹಾಡಿನ ಮಾತು ಬಂದಾಗಲೆಲ್ಲ ಎರಡು ಅಭಿಪ್ರಾಯಗಳು ಜೋಡಿಯಾಗಿಯೇ ಬರುತ್ತವೆ. ಅದರ ಸಾಹಿತ್ಯಕ್ಕೆ ತಲೆಬುಡವಿಲ್ಲ, ಕಿರುಚಾಟದ ನಡುವೆ ಬಾಯಿಗೆ ಬಂದ ಮಾತುಗಳನ್ನು ಪೋಣಿಸಿದ್ದಾರೆ ಎನ್ನುವುದು ಒಂದು. ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತ, ಜಾನಪದ, ಚರ್ಚಿನ ಪ್ರಾರ್ಥನೆ, ರಂಗದ ಹಾಡುಗಾರಿಕೆ ಇಷ್ಟನ್ನೂ ಒಂದೆಡೆ ಸೇರಿಸಿದ ಜಾಣತನವೇ ಅದರ ಹೆಚ್ಚುಗಾರಿಕೆ ಎನ್ನುವುದು ಇನ್ನೊಂದು. ಮಡಿಕೇರಿಯ ಹೋಟೆಲುಗಳ ಮೆನುವಿನಲ್ಲಿ ಕಾಣುವ ಅಮೆರಿಕನ್ ಚಾಪ್ಸಿಯ ಹಾಗೆ ಕೈಗೆ ಸಿಕ್ಕಿದ್ದನ್ನೆಲ್ಲ ಹೆಚ್ಚಿ ಬಾಣಲೆಗೆ ಹಾಕಿದ್ದಾರೆ ಎಂದು ಹಾಡಿನ ಹೆಸರನ್ನೇ ಹಿಡಿದು ವಿವರಿಸುವವರೂ ಇದ್ದಾರೆ. ಈ ಎರಡನೆಯ ಮಾತು ಹೊಗಳಿಕೆಯಂತೆ ಕೇಳಿದರೂ ಮೊದಲನೆಯದರಷ್ಟೇ ಅನ್ಯಾಯ ಮಾಡುತ್ತದೆ ಎನ್ನುವುದು ನನ್ನ ತಕರಾರು. ಈ ಹಾಡಿನಲ್ಲಿ ಶೈಲಿ ಎಲ್ಲೆಲ್ಲಿ ಮುರಿಯುತ್ತದೆಯೋ ಅಲ್ಲೆಲ್ಲ ಮಾತನಾಡುವ ಮನುಷ್ಯ ಬದಲಾಗುತ್ತಾನೆ. ಯಾರು ಯಾವ ಲಯದಲ್ಲಿ ಮಾತನಾಡುತ್ತಿದ್ದಾರೆ ಎಂದು ಗಮನಿಸಿದರೆ ಸಾಹಿತ್ಯ ತಾನಾಗಿ ಬಿಡಿಸಿಕೊಳ್ಳುತ್ತದೆ. ಗಮನಿಸದಿದ್ದರೆ ಸಾಹಿತ್ಯವೂ ಒಗಟಾಗುತ್ತದೆ, ಶೈಲಿಯೂ ಬರಿಯ ಕಸರತ್ತಾಗಿ ಉಳಿಯುತ್ತದೆ.

ಗೊತ್ತಿಲ್ಲದವರಿಗಾಗಿ ಒಂದಿಷ್ಟು ಹಿನ್ನೆಲೆ. ತಂಡದ ನಾಲ್ವರೂ ಅರ್ಮೇನಿಯನ್ ಮೂಲದವರು, ಲಾಸ್ ಏಂಜಲಿಸ್‌ನಲ್ಲಿ ಒಂದಾದವರು. ಸರ್ಜ್ ಟ್ಯಾಂಕಿಯನ್ ಮುಖ್ಯ ಗಾಯಕ, ಡರಾನ್ ಮಲಾಕಿಯನ್ ಗಿಟಾರ್ ವಾದಕ ಹಾಗೂ ಜೊತೆಗಾಯಕ, ಶಾವೊ ಒಡಾಡ್ಜಿಯನ್ ಬೇಸ್ ಗಿಟಾರ್, ಜಾನ್ ಡೊಲ್ಮಾಯನ್ ಡ್ರಮ್ಸ್. ಹಾಡು 2001ರ ಆಗಸ್ಟ್‌ನಲ್ಲಿ ಬಿಡಿಯಾಗಿ ಬಂತು, ಸೆಪ್ಟೆಂಬರ್ 4ರಂದು 'ಟಾಕ್ಸಿಸಿಟಿ' ಆಲ್ಬಮ್ಮಿನ ಜೊತೆ ಮತ್ತೆ ಬಂತು. ಮೊದಲು ಇದಕ್ಕೆ ಇಟ್ಟಿದ್ದ ಹೆಸರು 'ಸುಯಿಸೈಡ್'. ಆ ಹೆಸರಿದ್ದರೆ ರೇಡಿಯೋದವರು ಮುಟ್ಟುವುದಿಲ್ಲವೆಂದು ಬದಲಾಯಿಸಿದರು. ಹಾಡು ತೊಡಗುವ ಮುನ್ನ ಆ ಹಳೆಯ ಹೆಸರನ್ನು ಯಾರೋ ಹೇಳುವುದು ಸಣ್ಣಗೆ ಕೇಳಿಸುತ್ತದೆ. ಹೆಸರು ಬದಲಿಸಿಯೂ ಪ್ರಯೋಜನವಾಗಲಿಲ್ಲ. ಸೆಪ್ಟೆಂಬರ್ 11ರ ದಾಳಿಯ ನಂತರ ಕ್ಲಿಯರ್ ಚಾನೆಲ್ ಎಂಬ ರೇಡಿಯೋ ಸಂಸ್ಥೆಯೊಳಗೆ ಓಡಾಡಿದ, ಈಗ ಬಿತ್ತರಿಸದಿರುವುದು ಒಳಿತು ಎನ್ನುವ ಹಾಡುಗಳ ಪಟ್ಟಿಯಲ್ಲಿ ಇದೂ ಇತ್ತು. ಅದೇ ದಿನಗಳಲ್ಲಿ ಆಲ್ಬಮ್ ಅಮೆರಿಕದ ಮಾರಾಟಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತ್ತು. ಮುಂದೆ ಗ್ರ್ಯಾಮಿ ನಾಮನಿರ್ದೇಶನವೂ ಆಯಿತು, 2020ರಲ್ಲಿ ಯೂಟ್ಯೂಬಿನ ನೋಟ ನೂರು ಕೋಟಿಯನ್ನೂ ದಾಟಿತು. ಇಷ್ಟು ಜನ ಕೇಳಿದ ಹಾಡನ್ನು ಇಷ್ಟು ಕಡಿಮೆ ಜನ ಕಿವಿಗೊಟ್ಟು ಕೇಳಿದ್ದಾರಲ್ಲ ಎನ್ನುವುದೇ ನನ್ನ ಬೇಸರ.

ಅರ್ಥದ ವಿಷಯಕ್ಕೆ ಬರುತ್ತೇನೆ. ಮಲಾಕಿಯನ್ ಸಂದರ್ಶನವೊಂದರಲ್ಲಿ ಕೊಟ್ಟ ವಿವರಣೆ ಬಹಳ ಸರಳವಾಗಿದೆ. ಮನುಷ್ಯ ಸತ್ತ ಬಗೆಯನ್ನು ನೋಡಿ ಜನ ಅವನನ್ನು ಅಳೆಯುತ್ತಾರೆ. ತಾನು ಮಾದಕ ವಸ್ತುವಿನ ಚಟದಿಂದ ಸತ್ತರೆ, ಅದಕ್ಕೆ ಅವನು ಅರ್ಹನೇ ಆಗಿದ್ದ ಎಂದು ಹೇಳುವವರಿರುತ್ತಾರೆ, ಹಾಡು ಅದರ ಕುರಿತಾದದ್ದು ಎಂದು ಅವರು ಹೇಳಿದ್ದರು. ಕೊಡಗಿನಲ್ಲಿ ಹುಟ್ಟಿ ಬೆಳೆದವರಿಗೆ ಈ ವಿವರಣೆ ಅರ್ಥವಾಗಲು ಲಾಸ್ ಏಂಜಲಿಸ್‌ವರೆಗೆ ಹೋಗಬೇಕಾಗಿಲ್ಲ. ನಮ್ಮಲ್ಲಿ ಸಾವಿನ ಸುದ್ದಿ ತಿಳಿಸಲು ಮನೆಯ ಮುಂದೆ ಎರಡು ಗುಂಡು ಹಾರಿಸುವ ಪದ್ಧತಿ ಉಂಟು. ಆ ಸದ್ದು ಕೇಳಿದಾಗ ತೋಟದಲ್ಲಿ ಕೆಲಸ ಮಾಡುತ್ತಿರುವವರು ಕತ್ತಿ ಕೆಳಗಿಟ್ಟು ಮೊದಲು ಕೇಳುವುದು 'ಯಾರು' ಎಂದು. ಯಾರೆಂದು ತಿಳಿದ ಮೇಲೆ ಎರಡನೆಯ ಪ್ರಶ್ನೆ 'ಹೇಗೆ' ಎಂದು. ಈ 'ಹೇಗೆ'ಗೆ ಸಿಗುವ ಉತ್ತರದ ಮೇಲೆ ಮುಂದಿನ ಮಾತಿನ ಧಾಟಿ ನಿಂತಿರುತ್ತದೆ. ವಯಸ್ಸಾಗಿ ಹೋದರೆ ಪುಣ್ಯವಂತ, ಆನೆ ತುಳಿದು ಹೋದರೆ ಅಯ್ಯೋ ಪಾಪ, ಕುಡಿದು ಹೋದರೆ ತಾನೇ ತಂದುಕೊಂಡದ್ದು, ತಾನಾಗಿ ಜೀವ ಕಳೆದುಕೊಂಡರೆ ಮನೆಯವರ ಮುಖವನ್ನು ನೇರ ನೋಡಲೂ ಜನ ಹಿಂಜರಿಯುತ್ತಾರೆ. ನಮ್ಮ ಬಳಗದಲ್ಲೇ ಕುಡಿತದಿಂದ ಹೋದ ಹಿರಿಯರೊಬ್ಬರ ಸಾವಿನ ಮನೆಯ ಅಂಗಳದಲ್ಲಿ, ಇನ್ನೂ ಹೆಣ ಎತ್ತುವ ಮೊದಲೇ, ಅವರು ಎಷ್ಟು ಎಕರೆ ಹಾಳು ಮಾಡಿದರು ಎಂಬ ಲೆಕ್ಕ ನಡೆಯುತ್ತಿದ್ದುದನ್ನು ನಾನು ಕೇಳಿದ್ದೇನೆ. ಅವರ ಮಗಳು ಅದನ್ನು ಕೇಳಿಸಿಕೊಳ್ಳುತ್ತಲೇ ಬಂದವರಿಗೆಲ್ಲ ಕಾಫಿ ಕೊಡುತ್ತಿದ್ದಳು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಗುಡ್ಡಗಳು ಜಾರಿದಾಗಲೂ ಇದೇ ಆಯಿತು. ಮಣ್ಣಿನಡಿ ಸಿಕ್ಕಿದವರ ಹುಡುಕಾಟ ಮುಗಿಯುವ ಮುನ್ನವೇ, ಗುಡ್ಡ ಕಡಿದು ಮನೆ ಕಟ್ಟಿದವರಿಗೆ ಇನ್ನೇನಾಗುತ್ತದೆ ಎಂದು ಇದೇ ಫೇಸ್‌ಬುಕ್ಕಿನಲ್ಲಿ ಬರೆದವರಿದ್ದರು. ಅವರಲ್ಲಿ ಕೆಲವರು ಒಳ್ಳೆಯವರೇ. ತೀರ್ಪು ಕೊಡುವುದಕ್ಕೆ ಕೆಟ್ಟವರೇ ಆಗಬೇಕೆಂದಿಲ್ಲ.

ಹಾಡಿನ ಚರಣದಲ್ಲಿ ಕೇಳುವುದು ಈ ತೀರ್ಪಿನ ದನಿ. ಅಲ್ಲಿರುವ ಮಾತುಗಳು ಇಷ್ಟೇ: ಏಳು, ಬ್ರಷ್ ತೆಗೆದುಕೊಂಡು ಮುಖಕ್ಕೆ ಬಣ್ಣ ಹಚ್ಚಿಕೋ, ಗಾಯದ ಗುರುತು ಮುಚ್ಚಿಕೋ, ಬೀಗದ ಕೈಯನ್ನು ಮೇಜಿನ ಮೇಲೆ ಏಕೆ ಬಿಟ್ಟೆ, ಶುರುವಾಯಿತು ನಿನ್ನ ಇನ್ನೊಂದು ಕಟ್ಟುಕತೆ. ಬೆಳಗಿನ ಹೊತ್ತು ಯಾವುದೋ ಮನೆಯೊಳಗಿಂದ ಕೇಳಿಬರುವ ಗದರಿಕೆಯಂತಿದೆ ಇದು. ಇದರಲ್ಲಿ ನಿಗೂಢವಾದದ್ದು ಏನೂ ಇಲ್ಲ. ಒಂದು ಸುತ್ತು ಮುಗಿದ ಮೇಲೆ ಅವೇ ಮಾತುಗಳು ಮತ್ತೆ ಬರುವಾಗ ಪ್ರತಿ ಸಾಲಿನ ಬೆನ್ನಿಗೂ 'ನಿನಗೇ ಬೇಕಿತ್ತು' ಎಂಬರ್ಥದ ಮಾತೊಂದು ಅಂಟಿಕೊಂಡು ಬರುತ್ತದೆ. ಎರಡನೆಯ ಚರಣಕ್ಕೆ ಹೊಸ ಸಾಹಿತ್ಯವೇ ಇಲ್ಲ, ಮೊದಲನೆಯದೇ ಪುನರಾವರ್ತನೆ. ಕವಿಗೆ ಮಾತು ಖರ್ಚಾಯಿತು ಎಂದು ಇದನ್ನು ಹಗುರಾಗಿ ತೆಗೆದುಕೊಳ್ಳುವವರಿಗೆ ನಾನು ಕೇಳುವುದಿಷ್ಟೇ: ಸತ್ತವನನ್ನು ದೂರುವವರು ಎರಡನೆಯ ಸಲ ಹೊಸದೇನನ್ನಾದರೂ ಹೇಳಿದ್ದನ್ನು ನೀವು ಕೇಳಿದ್ದೀರಾ?

ಈ ಗದರಿಕೆಗೆ ಕೊಟ್ಟ ಸಂಗೀತವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಗಿಟಾರನ್ನು 'ಡ್ರಾಪ್ ಸಿ' ಎನ್ನುವ ಶ್ರುತಿಯಲ್ಲಿ ಕೂಡಿಸಿದ್ದಾರೆ. ಎಂದರೆ ಐದು ತಂತಿಗಳನ್ನು ಮಾಮೂಲಿಗಿಂತ ಒಂದು ಪೂರ್ಣ ಸ್ವರ ಇಳಿಸಿ, ಎಲ್ಲಕ್ಕಿಂತ ದಪ್ಪನೆಯ ಆರನೆಯದನ್ನು ಎರಡು ಸ್ವರ ಇಳಿಸುವುದು. ಹೀಗೆ ಮಾಡಿದಾಗ ಕೆಳಗಿನ ಮೂರು ತಂತಿಗಳ ಮೇಲೆ ಒಂದೇ ಬೆರಳನ್ನು ಅಡ್ಡ ಒತ್ತಿದರೆ ಸಾಕು, ಮೆಟಲ್ ಸಂಗೀತದ ಬೆನ್ನೆಲುಬಾದ ಪವರ್ ಕಾರ್ಡ್ ಎಂಬ ಗಟ್ಟಿ ಸ್ವರಗುಚ್ಛ ಹುಟ್ಟುತ್ತದೆ. ಬೆರಳು ಬಿಡಿಸಿ ಜೋಡಿಸುವ ಕೆಲಸವಿಲ್ಲದ್ದರಿಂದ ಕೈ ಥಟ್ಟನೆ ಜಾಗ ಬದಲಿಸಬಹುದು. ಬಲಗೈಯ ಅಂಗೈ ಅಂಚು ತಂತಿಯ ಮೇಲೆಯೇ ಇದ್ದು ನಾದ ಹರಡುವ ಮುನ್ನ ಅದನ್ನು ಕೊಂದುಬಿಡುತ್ತದೆ. ಹಾಗಾಗಿ ಗಿಟಾರೂ ಡ್ರಮ್ಮೂ ಒಟ್ಟಿಗೆ ಬಡಿದು, ಒಟ್ಟಿಗೆ ನಿಂತು, ನಡುವೆ ಪೂರ್ಣ ನಿಶ್ಶಬ್ದವನ್ನು ಬಿಟ್ಟು, ಮತ್ತೆ ಬಡಿಯುತ್ತವೆ. ಟ್ಯಾಂಕಿಯನ್ ಆ ಬಡಿತಗಳ ಲೆಕ್ಕಕ್ಕೇ ತುಂಡು ತುಂಡಾಗಿ ಉಚ್ಚರಿಸುತ್ತಾರೆ; ಹಾಡುವುದಿಲ್ಲ, ಉಗುಳುತ್ತಾರೆ. ಒಂದು ಅಕ್ಷರವೂ ದೀರ್ಘವಾಗುವುದಿಲ್ಲ. ದೂರುವವನಿಗೆ ಉಸಿರು ಎಳೆದುಕೊಳ್ಳುವಷ್ಟೂ ಪುರುಸೊತ್ತಿಲ್ಲ, ಎದುರಿನವನು ಬಾಯಿ ತೆರೆದಾನೆಂಬ ಭಯವೂ ಅವನಿಗೆ ಇದ್ದಂತಿದೆ.

ಪಲ್ಲವಿಗೆ ಬಂದಾಗ ಇದೆಲ್ಲವೂ ತಿರುಗುಮುರುಗಾಗುತ್ತದೆ. ತಾಳ ವಿಶಾಲವಾಗುತ್ತದೆ, ಗಿಟಾರಿನ ನಾದವನ್ನು ಹರಡಲು ಬಿಡುತ್ತಾರೆ, ಅದೇ ಗಾಯಕ ಈಗ ಎದೆಯಾಳದ ಮಂದ್ರ ದನಿಯಲ್ಲಿ ಒಂದೊಂದು ಸ್ವರವನ್ನೂ ಎಳೆದು ಹಾಡುತ್ತಾರೆ. ನನ್ನ ಸಾವಿನ ಹಿಂದಿನ ನಂಬಿಕೆಯನ್ನು ನೀವು ನಂಬಲಾರಿರಿ, ದೇವತೆಗಳಂಥವರೂ ಸಾಯಲು ಅರ್ಹರು ಎನ್ನುವುದನ್ನು ಕೇಳಿ ನನಗೆ ಅಳು ಬರುತ್ತದೆ ಎನ್ನುವ ಭಾವ ಅಲ್ಲಿದೆ. ಮಾತನಾಡುತ್ತಿರುವವನು ಸತ್ತವನೇ. ಹಾಡಿನ ಮೂರೂವರೆ ನಿಮಿಷಗಳಲ್ಲಿ ಅವನಿಗೆ ಮಾತನಾಡಲು ಸಿಕ್ಕ ಜಾಗ ಇದು, ಮತ್ತು ಇದೊಂದೇ ಬಗೆಯ ಜಾಗದಲ್ಲಿ ಸಂಗೀತಕ್ಕೆ ರಾಗವಿದೆ. ಚರಣದ ಶೈಲಿಯನ್ನು ಹಾರ್ಡ್‌ಕೋರ್ ಎನ್ನಿ, ರ್‍ಯಾಪ್ ಎನ್ನಿ. ಪಲ್ಲವಿಯದನ್ನು ಆಪೆರಾ ಎನ್ನಿ, ಭಾವಗೀತೆ ಎನ್ನಿ. ಹೆಸರು ಯಾವುದಾದರೂ ಇರಲಿ, ಬೈಯುವವರಿಗೆ ಲಯವನ್ನು ಮಾತ್ರ ಕೊಟ್ಟು, ಬೈಸಿಕೊಂಡವನಿಗೆ ರಾಗವನ್ನು ಕೊಟ್ಟ ಹಂಚಿಕೆಯಲ್ಲೇ ಈ ಹಾಡಿನ ನಿಲುವಿದೆ. ಅದನ್ನು ಸಾಹಿತ್ಯದಲ್ಲಿ ಎಲ್ಲಿಯೂ ಬಾಯಿಬಿಟ್ಟು ಹೇಳಿಲ್ಲ.

ಹಾಡಿನ ಕೊನೆಯ ಭಾಗದ ಹುಟ್ಟಿನ ಬಗ್ಗೆ ನಿರ್ಮಾಪಕ ರಿಕ್ ರೂಬಿನ್ ಒಂದು ಕತೆ ಹೇಳುತ್ತಾರೆ. ಟ್ಯಾಂಕಿಯನ್‌ಗೆ ಅಲ್ಲಿ ಏನು ಹಾಡಬೇಕೆಂದು ಹೊಳೆಯದಿದ್ದಾಗ, ಮನೆಯ ಕಪಾಟಿನಿಂದ ಯಾವುದಾದರೂ ಪುಸ್ತಕ ತೆಗೆದು ತೆರೆದು ಮೊದಲು ಕಣ್ಣಿಗೆ ಬಿದ್ದ ಸಾಲನ್ನು ಹಾಡು ಎಂದರಂತೆ. ಸಿಕ್ಕಿದ್ದು ಯೇಸುವಿನ ಮಾತು: ತಂದೆಯೇ, ನನ್ನ ಆತ್ಮವನ್ನು ನಿನ್ನ ಕೈಗಳಿಗೆ ಒಪ್ಪಿಸುತ್ತೇನೆ. ಈ ಕತೆಯನ್ನು ಹಿಡಿದು, ನೋಡಿ ಅದೂ ಆಕಸ್ಮಿಕ ಎನ್ನುವವರಿದ್ದಾರೆ. ಸಾಲು ಆಕಸ್ಮಿಕವಾಗಿ ಸಿಕ್ಕಿರಬಹುದು, ಅದರ ಮುಂದೆ ಏನನ್ನು ಇಟ್ಟರು ಎನ್ನುವುದು ಆಕಸ್ಮಿಕವಲ್ಲ. ಒಪ್ಪಿಸುತ್ತೇನೆ ಎಂಬ ಮಾತು ಲೂಕನ ಸುವಾರ್ತೆಯದು. ಹಾಡಿನಲ್ಲಿ ಅದರ ಬೆನ್ನಿಗೆ ಬರುವ, ನನ್ನನ್ನು ಯಾಕೆ ಕೈಬಿಟ್ಟೆ ಎಂಬ ಮಾತು ಮತ್ತಾಯ ಮತ್ತು ಮಾರ್ಕರ ಸುವಾರ್ತೆಗಳದು. ವಿರಾಜಪೇಟೆಯಲ್ಲಿ 1792ರಿಂದ ನಡೆದುಬಂದಿರುವ ಸಂತ ಅನ್ನಮ್ಮನವರ ಚರ್ಚಿನ ಪರಿಚಯವಿರುವವರಿಗೆ ಶುಭ ಶುಕ್ರವಾರದಂದು ಶಿಲುಬೆಯ ಮೇಲಿನ ಏಳು ಮಾತುಗಳನ್ನು ಧ್ಯಾನಿಸುವ ರೂಢಿ ಗೊತ್ತಿರುತ್ತದೆ. ಆ ಕ್ರಮದಲ್ಲಿ 'ಯಾಕೆ ಕೈಬಿಟ್ಟೆ' ನಾಲ್ಕನೆಯದು, 'ಒಪ್ಪಿಸುತ್ತೇನೆ' ಕೊನೆಯದು. ಮೊದಲು ದೂರು, ಆಮೇಲೆ ಶರಣಾಗತಿ. ದುಃಖ ಶಾಂತಿಯಲ್ಲಿ ಮುಗಿಯುತ್ತದೆ. ಹಾಡು ಈ ಕ್ರಮವನ್ನು ತಿರುವಿ ಹಾಕಿದೆ. ಇಲ್ಲಿ ಶರಣಾಗತಿ ಮೊದಲು, ದೂರು ಆಮೇಲೆ. ಒಪ್ಪಿಸಿಕೊಂಡ ಮೇಲೂ ಕೈಬಿಟ್ಟೆಯಲ್ಲ, ನಿನ್ನ ಕಣ್ಣಿನಿಂದ, ನಿನ್ನ ನೆನಪಿನಿಂದ, ನಿನ್ನ ಹೃದಯದಿಂದ ಬಿಟ್ಟೆಯಲ್ಲ ಎಂದು ಅದು ಏರುತ್ತಾ ಹೋಗುತ್ತದೆ. ಪ್ರಾರ್ಥನೆಯಂತೆ ಶುರುವಾದದ್ದು ಜಗಳವಾಗುತ್ತದೆ. ಸಂಗೀತವೂ ಚರ್ಚಿನ ಪಠಣದಂಥ ಸರಳ ಏರಿಳಿತದಿಂದ ಹೊರಟು ಪಿಯಾನೋ, ತಂತಿವಾದ್ಯ, ಮೆಟಲ್ ಗಿಟಾರು ಎಲ್ಲ ಒಟ್ಟಿಗೆ ಮೊರೆಯುವಲ್ಲಿಗೆ ಹೋಗಿ ನಿಲ್ಲುತ್ತದೆ. ನನ್ನ ಮಟ್ಟಿಗೆ ಇಡೀ ಹಾಡಿನ ಅತ್ಯುತ್ತಮ ಜಾಗ ಇದು.

ದೇವರನ್ನು ಹೀಗೆ ಕೇಳುವುದು ಅಪಚಾರ ಎಂದುಕೊಳ್ಳುವವರಿಗೆ ನಮ್ಮ ಗೋಣಿಕೊಪ್ಪದ ಪಕ್ಕದ ದೇವರಪುರದ ಕುಂಡೆ ಹಬ್ಬವನ್ನು ನೆನಪಿಸಬೇಕು. ಮೇ ತಿಂಗಳಲ್ಲಿ ಜೇನುಕುರುಬರು, ಯರವರು ಮೊದಲಾದವರು ವೇಷ ಹಾಕಿ, ಗಂಡಸರು ಹೆಣ್ಣುಡುಗೆ ಉಟ್ಟು, ಪ್ಲಾಸ್ಟಿಕ್ ಡ್ರಮ್ಮು, ತಗಡಿನ ಡಬ್ಬಿ, ಸೋರೆಬುರುಡೆ ಏನು ಸಿಕ್ಕಿದರೂ ಅದನ್ನು ಬಡಿಯುತ್ತಾ, ಬೀದಿಬೀದಿಯಲ್ಲಿ ಕಾಸು ಬೇಡುತ್ತಾ, ಎದುರಿಗೆ ಬಂದವರನ್ನೂ ದೇವರನ್ನೂ ಒಂದೇ ಸಮನೆ ಬೈಯುತ್ತಾರೆ. ಹಬ್ಬದ ಹಿಂದೆ ಹೇಳುವ ಕತೆಯಲ್ಲಿ ಅಯ್ಯಪ್ಪ ಇವರನ್ನು ಬೇಟೆಗೆಂದು ಕಾಡಿಗೆ ಕರೆದೊಯ್ದು, ಅಲ್ಲಿ ಭದ್ರಕಾಳಿಯನ್ನು ಕಂಡು ಮನಸೋತು, ಇವರನ್ನು ಕಾಡಿನಲ್ಲೇ ಬಿಟ್ಟು ಅವಳ ಹಿಂದೆ ಹೋದನಂತೆ. ಬೈಗುಳಕ್ಕೆ ಕಾರಣ ಅದು: ನಂಬಿ ಬಂದವರನ್ನು ನಡುಕಾಡಿನಲ್ಲಿ ಕೈಬಿಟ್ಟದ್ದು. ಬೈದು ಮುಗಿಸಿ ದೇವಸ್ಥಾನಕ್ಕೆ ಹೋಗಿ ಕಾಣಿಕೆ ಒಪ್ಪಿಸುತ್ತಾರೆ ಎನ್ನುವುದನ್ನೂ ಮರೆಯಬಾರದು. ಆ ಹಬ್ಬವನ್ನು ಬರಿಯ ಗಲಾಟೆ ಎಂದು ಮೂಗು ಮುರಿಯುವವರು ಮತ್ತು ಈ ಹಾಡನ್ನು ಬರಿಯ ಕಿರುಚಾಟ ಎನ್ನುವವರು ಅನೇಕ ಸಲ ಒಬ್ಬರೇ ಆಗಿರುತ್ತಾರೆ ಎನ್ನುವುದು ನಾನು ಕಂಡ ತಮಾಷೆ.

ಅರ್ಮೇನಿಯನ್ ಹಿನ್ನೆಲೆಯನ್ನು ಇಲ್ಲಿ ಎಷ್ಟರಮಟ್ಟಿಗೆ ತರಬೇಕು? ಒಟ್ಟೋಮನ್ ಆಳ್ವಿಕೆಯಲ್ಲಿ 1915ರಲ್ಲಿ ಆರಂಭವಾದ ಅರ್ಮೇನಿಯನ್ನರ ನರಮೇಧದಲ್ಲಿ ಬದುಕುಳಿದವರ ಮೊಮ್ಮಕ್ಕಳು ಇವರು. ಆ ನರಮೇಧದ ನೂರನೆಯ ವರ್ಷದಲ್ಲಿ, 2015ರ ಏಪ್ರಿಲ್ 23ರಂದು, ಅರ್ಮೇನಿಯಾದ ರಾಜಧಾನಿ ಯೆರೆವಾನಿನ ಗಣರಾಜ್ಯ ಚೌಕದಲ್ಲಿ ಉಚಿತವಾಗಿ ಹಾಡಿದವರು. 'ಟಾಕ್ಸಿಸಿಟಿ'ಯ ಕೊನೆಯಲ್ಲಿ ಹೆಸರು ನಮೂದಿಸದೆ ಸೇರಿಸಿದ ಒಂದು ತುಣುಕಿದೆ, ಸಂಗೀತಗಾರ ಆರ್ಟೊ ತುಂಚ್‌ಬೋಯಾಜಿಯಾನ್ ಅವರೊಂದಿಗೆ ನುಡಿಸಿದ್ದು, ಅದರ ಮೂಲ ಅರ್ಮೇನಿಯನ್ ಚರ್ಚಿನ ಒಂದು ಸ್ತುತಿ. ಆದ್ದರಿಂದ ಪ್ರಾರ್ಥನೆಯ ಧಾಟಿ ಇವರಿಗೆ ಎರವಲು ತಂದ ಅಲಂಕಾರವಲ್ಲ, ಮನೆಯದು. ಆದರೆ ಈ ಹಾಡನ್ನೇ ನರಮೇಧದ ಹಾಡೆಂದು ಓದುವವರ ಜೊತೆ ನಾನಿಲ್ಲ. ಆ ವಿಷಯದ ಮೇಲೆ ಅವರು ನೇರವಾಗಿ ಹಾಡಿದ ಹಾಡುಗಳು ಬೇರೆ ಇವೆ. ಇಲ್ಲಿ ಸತ್ತವನು ಒಬ್ಬಂಟಿ.

ಅಕ್ಕನ ಮಗನಿಗೆ ಈ ಹಾಡು ಬಾಯಿಪಾಠ. ರಜೆಗೆ ಬಂದಿದ್ದಾಗ ಜೀಪಿನಲ್ಲಿ ಇದನ್ನು ಹಾಕಿ ಅವನೇ ಒಂದು ಪ್ರಶ್ನೆ ಎತ್ತಿದ. 'ಮಾವ, ಮೊದಲೇ ಮನಸ್ಸು ಕುಗ್ಗಿದವರು ಇದನ್ನು ಕೇಳಿದರೆ ಇನ್ನಷ್ಟು ಕುಗ್ಗುವುದಿಲ್ವಾ? 'ಸುಯಿಸೈಡ್' ಅನ್ನೋ ಆ ಹೆಸರು ತೆಗೆದದ್ದು ಸರಿಯೇ ಅಲ್ವಾ?' ಪ್ರಶ್ನೆ ಸಣ್ಣದಲ್ಲ. ಸಾವನ್ನು ಬಿಡುಗಡೆಯೆಂದು ಚಿತ್ರಿಸುವ ಹಾಡುಗಳು ಮೆಟಲ್‌ನಲ್ಲಿ ಇಲ್ಲದಿಲ್ಲ, ಅವುಗಳ ಬಗ್ಗೆ ನನಗೂ ಅಳುಕಿದೆ. ಈ ಹಾಡಿನಲ್ಲಿ ಸತ್ತವನಿಗೆ ಬಿಡುಗಡೆ ಸಿಕ್ಕಿಲ್ಲ. ಸತ್ತ ಮೇಲೂ ಅವನು ತನ್ನನ್ನು ನಂಬಿ ಎಂದು ಬೇಡುತ್ತಲೇ ಇದ್ದಾನೆ, ಆಚೆಯವರು ಬೈಯುತ್ತಲೇ ಇದ್ದಾರೆ. ಅದರಲ್ಲಿ ಆಸೆ ಹುಟ್ಟಿಸುವಂಥದ್ದು ನನಗೆ ಕಾಣುವುದಿಲ್ಲ ಎಂದೆ. ಜೊತೆಗೆ, ನಿಜಕ್ಕೂ ಮನಸ್ಸು ಕುಗ್ಗಿರುವ ಗೆಳೆಯ ಯಾರಾದರೂ ಇದ್ದರೆ ನನ್ನ ಈ ವ್ಯಾಖ್ಯಾನಕ್ಕಿಂತ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಕೊಡು, ಆ ಹುಡುಗನ ಪಕ್ಕ ಕೂತು ಮಾತನಾಡು ಎಂದೂ ಹೇಳಿದೆ. ಹೆಸರಿನ ವಿಷಯದಲ್ಲಿ ಅವನ ಮಾತನ್ನು ಒಪ್ಪಿದೆ. ಬದಲಾಗದೆ ಉಳಿದಿದ್ದರೆ ಜನ ಆ ಒಂದು ಶಬ್ದವನ್ನು ಮಾತ್ರ ಕೇಳುತ್ತಿದ್ದರು.

ಶೈಲಿಗಳನ್ನು ಬೆಸೆಯುವುದರಲ್ಲಿ ಇವರು ಮೊದಲಿಗರೂ ಅಲ್ಲ. 1991ರಲ್ಲಿ ಮೆಟಲ್ ತಂಡ ಆಂಥ್ರಾಕ್ಸ್ ಮತ್ತು ಹಿಪ್ ಹಾಪ್ ತಂಡ ಪಬ್ಲಿಕ್ ಎನಿಮಿ ಒಂದಾಗಿ ಥ್ರ್ಯಾಶ್ ಮೆಟಲ್ಲಿನ ಮೇಲೆ ರ್‍ಯಾಪ್ ಹಾಡಿದ್ದರು. 1996ರಲ್ಲಿ ಬ್ರೆಜಿಲಿನ ಸೆಪುಲ್ಟುರಾ ತಂಡ ಶವಾಂತೆ ಬುಡಕಟ್ಟಿನವರ ನಡುವೆ ಹೋಗಿ ಅವರ ಜೊತೆಗೇ ಧ್ವನಿಮುದ್ರಿಸಿಕೊಂಡು ಬಂದಿತ್ತು. ಎರಡೂ ಧೈರ್ಯದ ಕೆಲಸಗಳೇ. ಆದರೆ ಅವುಗಳಲ್ಲಿ ಒಂದು ಬಗೆಯ ಸಂಗೀತ ಇನ್ನೊಂದನ್ನು ಸಂಧಿಸುವುದೇ ಘಟನೆ. 'ಚಾಪ್ ಸೂಯಿ!'ಯಲ್ಲಿ ಸಂಧಿಸುವುದಿಲ್ಲ. ಬೈಯುವ ದನಿ ತನ್ನ ಲಯ ಬಿಟ್ಟು ರಾಗದ ಕಡೆ ಬರುವುದಿಲ್ಲ, ಪಲ್ಲವಿಯ ದನಿ ಗದರಿಕೆಗೆ ಇಳಿಯುವುದಿಲ್ಲ. ಬೆರೆಸಿದ್ದಾರೆ ಎನ್ನುವ ಮಾತೇ ಆದ್ದರಿಂದ ತಪ್ಪು ದಾರಿಗೆ ಎಳೆಯುತ್ತದೆ. ಬೆರೆಯದಂತೆ ಕಾದುಕೊಂಡಿದ್ದಾರೆ ಎನ್ನಬೇಕು.

ಈಚೆಗೆ ನಮ್ಮ ಮದುವೆ ಮಂಟಪಗಳಲ್ಲಿ ವಾಲಗದ ಲಯಕ್ಕೆ ಡಿಜೆ ಬೀಟು ಹಚ್ಚಿ ಕುಣಿಸುವುದು ಹೆಚ್ಚಾಗಿದೆ. ಕುಣಿಯಲು ಚೆನ್ನಾಗಿಯೇ ಇರುತ್ತದೆ, ನಾನೂ ಕುಣಿದಿದ್ದೇನೆ, ಅದರಲ್ಲಿ ಹೇಳುವಂಥದ್ದೇನೂ ಇಲ್ಲ. ಆದರೆ ದುಡಿಯನ್ನೂ ಎಲೆಕ್ಟ್ರಿಕ್ ಗಿಟಾರನ್ನೂ ಒಟ್ಟಿಗೆ ತರಬೇಕೆಂದು ಯೋಚಿಸುವ ಹುಡುಗರು ಕೊಡಗಿನಲ್ಲಿ ಇದ್ದಾರೆ, ಅವರಿಗಾಗಿ ಒಂದು ಮಾತು. ದುಡಿ ತಾಳವಾದ್ಯವೆಂಬ ಒಂದೇ ಕಾರಣಕ್ಕೆ ಅದನ್ನು ವೇಗದ ಭಾಗಕ್ಕೆ ತಳ್ಳಬೇಡಿ. ನಾಲ್ವರು ದುಡಿ ಹಿಡಿದು ನಿಂತು, ಇಬ್ಬರು ಹಾಡಿದ ಸಾಲನ್ನು ಇನ್ನಿಬ್ಬರು ಎತ್ತಿಕೊಳ್ಳುವ, ನಮ್ಮ ಕೊಡವ ಜನಪದ ಹಾಡುಗಳಾದ ಆ ಪಾಟ್‌ಗಳು ಅವಸರವನ್ನೇ ಅರಿಯವು. 1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರು 'ಪಟ್ಟೋಲೆ ಪಳಮೆ'ಯಲ್ಲಿ ಅಚ್ಚು ಹಾಕಿಸುವುದಕ್ಕಿಂತ ಎಷ್ಟೋ ಮುಂಚಿನಿಂದ ಅವು ಬದುಕಿರುವುದು ಆ ನಿಧಾನದಲ್ಲೇ, ಮತ್ತು ಸಾವಿನ ಮನೆಯಲ್ಲಿ ಹಾಡುವ ಪಾಟ್ ಕೂಡ ಅದೇ ನಡೆಯದ್ದು. ಬೈಗುಳವನ್ನು ಗಿಟಾರು, ಡ್ರಮ್ಸ್ ನೋಡಿಕೊಳ್ಳಲಿ. ದುಡಿ ಪಲ್ಲವಿಗೆ ಬರಲಿ, ಗಾಯಕನ ಉದ್ದನೆಯ ಸ್ವರದ ಕೆಳಗೆ. ಕೊಂಬನ್ನು ಎಲ್ಲಿ ಊದಿಸಬೇಕು ಎನ್ನುವುದು ಮಾತ್ರ ನನಗೆ ಬಗೆಹರಿದಿಲ್ಲ, ಚರಣದ ಆ ನಿಶ್ಶಬ್ದದ ತುಂಡುಗಳ ಒಳಗೋ, ಕೊನೆಯ 'ಯಾಕೆ ಕೈಬಿಟ್ಟೆ'ಯ ಏರಿಕೆಯ ಮೇಲೋ. ವಾಲಗ ನುಡಿಸುವವರು ಯಾರಾದರೂ ಇದನ್ನು ಓದುತ್ತಿದ್ದರೆ ಕೆಳಗೆ ಬರೆಯಿರಿ.